ಕಂಬಳಿ ಬಿಲ್ಲಿನ ಸ್ವಿಫ್ಟ್ ಕೋಡ್

ಅಕ್ಕೋಳದ ಮಹಿಳಾ ಸಂಘದ ಹನ್ನೊಂದು ಹೆಣ್ಣುಮಕ್ಕಳು ಐದು ತಿಂಗಳು ನೂತು ನೇಯ್ದ ಕಂಬಳಿಗಳು ನೆದರ್ಲ್ಯಾಂಡ್ಸ್ ಮುಟ್ಟಿದ್ದವು. ನಾಲ್ಕು ಲಕ್ಷ ಕಳಿಸಿದೆನೆಂದು ಅಲ್ಲಿನ ವ್ಯಾಪಾರಿ ಬರೆದಿದ್ದ. ಸಂಘದ ಖಾತೆಗೆ ಮಾತ್ರ ಬಿಡಿಗಾಸೂ ಬಂದಿರಲಿಲ್ಲ.

ಸಂಘದ ಬರವಣಿಗೆಯೆಲ್ಲ ಕೋಮಲಳದು. ನಿಪ್ಪಾಣಿಯ ಪಿಎಸ್‌ಐ ದಾನೇಶ್ವರಿ ಜೀಪಿನಿಂದ ಇಳಿದಾಗ, ಕೋಮಲಳ ಅತ್ತೆ ಸಕ್ಕುಬಾಯಿ ಹತ್ತು ಜನರೆದುರು ಸೊಸೆಯನ್ನು ಕಳ್ಳಿ ಎನ್ನುತ್ತಿದ್ದಳು.

"ಬಿಲ್ಲಿನ್ಯಾಗ ಬ್ಯಾಂಕಿನ ಕೋಡ್ ತಪ್ಪು ಬರದಿಯೇನವ್ವಾ?" ದಾನೇಶ್ವರಿ ಕೋಮಲಳನ್ನು ಕೇಳಿದಳು.

"ಇಲ್ರಿ ಮೇಡಂ. ಪರದೇಶದ ರೊಕ್ಕ ಬರಾಕ ಬೇಕಾದ ಸ್ವಿಫ್ಟ್ ಕೋಡ್ ನಮ್ಮ ಬ್ರಾಂಚಿಗಿಲ್ಲ. ಮ್ಯಾನೇಜರ್ ಸಾಹೇಬ್ರು ಬೆಳಗಾವಿ ಬ್ರಾಂಚಿಂದು ಬರಕೊಟ್ರು. ಅದನ್ನ ಹಾಕಿಸೇನಿ."

ಕೋಮಲ ಬಿಲ್ಲು ತಂದುಕೊಟ್ಟಳು. ಅಂಚಿನಲ್ಲಿ ದಟ್ಟ ಹಳದಿ.

"ಇದೇನು?"

"ಭಂಡಾರರಿ, ದೇವರ ಅರಿಷಿಣ. ಅತ್ತಿ ಬಿಲ್ಲು ನಮ್ಮ ದೇವ್ರು ಮಲಕಾರಿಸಿದ್ಧನ ಮುಂದ ಇಟ್ಟು ಹಚ್ಚಿದ್ರು. ಆಮ್ಯಾಲ ನಿಪ್ಪಾಣಿಗೆ ಒಯ್ದು ಸಂಜಯನ ಅಂಗಡ್ಯಾಗ ಸ್ಕ್ಯಾನ್ ಮಾಡಿಸಿ ಕಳಿಸಿದೆ."

ವ್ಯಾಪಾರಿ ತನಗೆ ಮುಟ್ಟಿದ ಬಿಲ್ಲಿನ ಪ್ರತಿಯನ್ನು ಕಳಿಸಿದ್ದ; ದಾನೇಶ್ವರಿ ಅದನ್ನು ಮೊಬೈಲಿನಲ್ಲಿ ತೆರೆದಳು. ಕೋಡಿನ ಮೊದಲ ನಾಲ್ಕು ಅಕ್ಷರ ಬ್ಯಾಂಕಿನವು. ಮುಂದಿನ ಎರಡು ದೇಶದವು. ಕೋಮಲಳ ಬಿಲ್ಲಿನಲ್ಲಿ ಭಾರತವಿತ್ತು. ಮೊಬೈಲಿನಲ್ಲಿ ಬೇರೆ ದೇಶ, ಬೇರೆ ಖಾತೆ. ಭಂಡಾರದ ಗುರುತೂ ಇರಲಿಲ್ಲ.

"ದೇವ್ರಿಗೊಂದು, ವ್ಯಾಪಾರಿಗೊಂದು ಬಿಲ್ಲು ಮಾಡಿಸ್ಯಾಳ್ರಿ," ಎಂದಳು ಸಕ್ಕುಬಾಯಿ.

ತಳ್ಳಿಹಾಕುವ ಮಾತಲ್ಲ ಅದು. ದಾನೇಶ್ವರಿ ಯೋಚಿಸುತ್ತಲೇ ಜೀಪು ಹತ್ತಿದಳು.

*

ಬ್ಯಾಂಕಿನಲ್ಲಿ ಮ್ಯಾನೇಜರು ಬರೆದುಕೊಟ್ಟ ಕೋಡು ಸರಿಯಾಗಿಯೇ ಇತ್ತು. ಉಳಿದದ್ದು ಸಂಜಯನ ಝೆರಾಕ್ಸ್ ಅಂಗಡಿ.

"ಆಕಿ ಕೊಟ್ಟ ಕಾಗದಾನ ಸ್ಕ್ಯಾನ್ ಮಾಡಿ ಅಂಗಡಿ ಮೇಲ್‌ನಿಂದ ಕಳಸೇನ್ರಿ," ಎಂದ ಸಂಜಯ.

"ಅದರ ಮ್ಯಾಲ ಏನರ ಹತ್ತಿತ್ತೇನು?"

"ಏನಿಲ್ರಿ. ಸ್ವಚ್ಛ ಬಿಳಿ ಇತ್ತು."

ದಾನೇಶ್ವರಿ ಸ್ಕ್ಯಾನರಿನ ಮುಚ್ಚಳ ಎತ್ತಿದಳು. ಗಾಜಿನ ಸಂದಿಯಲ್ಲಿ ಹಳದಿ ಪುಡಿ ಕೂತಿತ್ತು.

"ಬ್ಯಾರೆ ಗಿರಾಕಿದಿರಬೇಕ್ರಿ."

ಅವಳು ಕಂಪ್ಯೂಟರಿನಲ್ಲಿ ಅಳಿಸಿದ ಕಡತಗಳನ್ನು ತೆರೆಸಿದಳು. ಅದೇ ದಿನದ್ದು, ಹಳದಿ ಅಂಚಿನ ಬಿಲ್ಲು, ಕೋಡು ಸರಿ. ಒಂಬತ್ತು ನಿಮಿಷದ ಮೇಲೆ ತಿದ್ದಿದ ಇನ್ನೊಂದು ಬಿಲ್ಲು ಮೇಲ್‌ನಲ್ಲಿ ಹೋಗಿತ್ತು.

"ಆಕಿ ಕಳ್ಳಿ ಆಗಿದ್ರ ಖರೇ ಬಿಲ್ಲು ಇಲ್ಲಿಗ್ಯಾಕ ತರ್ತಿದ್ದಳು? ಭಂಡಾರ ಹಚ್ಚಿದ ಬಿಲ್ಲು ಈ ಗಾಜಿನ ಮ್ಯಾಲ ಬಂದೈತಿ, ವ್ಯಾಪಾರಿಗೆ ಹೋಗಿಲ್ಲ. ಎರಡು ಬಿಲ್ಲು ಮಾಡಿದಾಂವ ನೀ."

ಸಂಜಯ ಒಪ್ಪಿಕೊಂಡ. "ಫೋನಿನ್ಯಾಗ ಒಬ್ಬಾಂವ ನಲವತ್ತು ಸಾವಿರ ಕೊಡತೇನಂದ್ರಿ. ಪರದೇಶಕ್ಕ ಹೋಗೂ ಬಿಲ್ಲು ಬಂದ್ರ ಎರಡು ಸಾಲು ತಿದ್ದೂದಷ್ಟ ಅಂದ."

*

ಪೊಲೀಸರ ಪತ್ರ ಹೋದಮೇಲೆ ಆ ಪರದೇಶದ ಬ್ಯಾಂಕು ಖಾತೆಯನ್ನು ತಡೆಹಿಡಿಯಿತು. ಹಣದ ಬಹುಪಾಲು ಅಲ್ಲೇ ಉಳಿದಿತ್ತು.

ಸುದ್ದಿ ಹೇಳಲು ದಾನೇಶ್ವರಿಯೇ ಅಕ್ಕೋಳಕ್ಕೆ ಹೋದಳು. ಕೇಳಿದ ಸಕ್ಕುಬಾಯಿ ಸೊಸೆಯ ಕೈ ಹಿಡಿದಳು.

"ನನ್ನ ನಾಲಿಗಿ ಸುಡ್ಲಿ. ದೇವರು ನೋಡಾಕತ್ತಿದ್ದ ನೋಡವ್ವಾ."

ಕೋಮಲ ಕೈ ಬಿಡಿಸಿಕೊಳ್ಳಲಿಲ್ಲ.

"ನೀವು ನೋಡಿದ್ರ ಸಾಕಿತ್ರಿ, ಅತ್ತಿ," ಎಂದಳು.