ಮಗುಚಿಟ್ಟ ಮುಖ

“ಮಾತಾಡ್ಬೇಡಿ. ನಕ್ಕರಂತೂ ಮುಗೀತು!”

ಬ್ರಿಟಾ ಲುಂಡೀನ್‌ಳ ಮುಖದ ಮೇಲೆ ಅಡುಗೆಮನೆಯ ಫಾಯಿಲ್ ಹಾಸಿ, ಅಪರಿಚಿತ ಗಂಡಸೊಬ್ಬ ಅವಳ ಹುಬ್ಬನ್ನು ಮೆಲ್ಲಗೆ ಒತ್ತುತ್ತಿದ್ದ. ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ… ಜನವರಿಯಲ್ಲಿ ಅಮೆರಿಕದ ಚಳಿಯೂರು ಡುಲೂತ್‌ನಲ್ಲಿ ಕೈಗವಸಿಲ್ಲದ ಬೆರಳು ಕಾಣುವುದೇ ಅಪರೂಪ. ಅದು ಮುಖದ ಮೇಲೇ ಓಡಾಡಿದರೆ?

‘ಅಯ್ಯೋ, ಮೂಗಿನ ಹತ್ತಿರ ಬಂದ!’

ಲುಂಡೀನ್ ಮನೆತನದ ಆಸ್ತಿಯಲ್ಲಿ ಅವಳ ಪಾಲಿಗೆ ಬಂದದ್ದು ಆ ದೊಡ್ಡ ಮೂಗೊಂದೇ.

ಚರ್ಚಿನ ನೆಲಮಾಳಿಗೆಯಲ್ಲಿ ಮುಖವಾಡದ ತರಗತಿ. ಕಲಿಸುವವರು ಲೂಯೆಲ್ಲಾ ಅಜ್ಜಿ. ಜೋಡಿಯಾಗಿ ಕೂತು, ಒಬ್ಬರ ಮುಖದ ಅಚ್ಚನ್ನು ಇನ್ನೊಬ್ಬರು ಫಾಯಿಲ್‌ನಲ್ಲಿ ತೆಗೆಯಬೇಕು; ಹಿಂದೆ ಹಳೇ ಪೇಪರ್ ತುರುಕಿ, ಮೇಲೆ ಜೇಡಿಮಣ್ಣಿನ ಹಾಳೆ ಹೊದಿಸಬೇಕು. ಸುಡುವ ಕೆಲಸವಿಲ್ಲ, ಗಾಳಿಗೇ ಒಣಗುವ ಮಣ್ಣು. ಅಂಚೆ ಕಚೇರಿಯ ಬ್ರಿಟಾಗೆ ಜೋಡಿಯಾಗಿ ಸಿಕ್ಕವನು ಓರಿನ್, ರಸ್ತೆಯ ಹಿಮ ಸರಿಸುವ ಲಾರಿಯ ಚಾಲಕ.

ಫಾಯಿಲ್ ತೆಗೆದ ಕೂಡಲೇ ಅವಳೇ ಹೇಳಿದಳು. “ಈ ಮೂಗಿಗೆ ಮಣ್ಣು ಸಾಲುತ್ತಾ, ನೋಡ್ಕೊಳ್ಳಿ.”

“ಸಾಲದಿದ್ರೆ ಇನ್ನೊಂದು ಪ್ಯಾಕೆಟ್ ಒಡೆಯೋಣ.”

ಅವನು ನಗಲಿಲ್ಲ. ಅದೇ ಅವಳಿಗೆ ಹಿಡಿಸಿತು.

ಆಮೇಲೆ ಕಾಫಿ, ಲೂಯೆಲ್ಲಾ ಮಾಡಿದ ನಿಂಬೆ ಬಾರ್ ಎಂಬ ಸಿಹಿ ತಿಂಡಿ. ತಟ್ಟೆಯ ಕೊನೆಯ ತುಂಡನ್ನು ಆ ಸೀಮೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಅರ್ಧ ಮಾಡುತ್ತಾರೆ, ಅರ್ಧದಲ್ಲಿ ಅರ್ಧ ಮಾಡುತ್ತಾರೆ. ಇರುವೆಗೂ ಸಾಲದಷ್ಟು ಉಳಿದಾಗಲೂ ‘ನಂಗೆ ಸಾಕು’ ಎನ್ನುತ್ತಾರೆ. ಪ್ರೀತಿಯಲ್ಲೂ ಅದೇ ಮರ್ಯಾದೆ.

ಶುಕ್ರವಾರ ಕೊನೆಯ ತರಗತಿ. ಆಮೇಲೆ ಭೇಟಿಗೆ ನೆಪವೇ ಇಲ್ಲ! ತಾನು ಮಾಡಿದ ಓರಿನ್‌ನ ಮುಖವಾಡಕ್ಕೆ ಅಷ್ಟರೊಳಗೆ ಬಣ್ಣ ಹಚ್ಚಿ ಕೊಡಬೇಕೆಂದು ಬ್ರಿಟಾ ಅದನ್ನು ಮನೆಗೊಯ್ದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲಿಟ್ಟಳು. ಬೆಳಿಗ್ಗೆ ನೋಡಿದರೆ ಹಣೆಯಿಂದ ಗಲ್ಲದವರೆಗೆ ಬಿರುಕು.

‘ಕ್ಷಮೆ ಕೇಳ್ತೀನಿ. ಹಾಗೇ ಕಾಫಿಗೂ ಕರೀತೀನಿ…’

ಆದರೆ ಶುಕ್ರವಾರ ನೆಲಮಾಳಿಗೆಗೆ ಬಂದವಳು ಕಪಾಟಿನ ಮುಂದೆ ನಿಂತುಬಿಟ್ಟಳು. ಉಳಿದ ಮುಖಗಳೆಲ್ಲ ಆರಾಮವಾಗಿ ಸೂರು ನೋಡುತ್ತಿದ್ದವು. ಓರಿನ್ ಮಾಡಿದ ಅವಳ ಮುಖವೊಂದೇ ಬೋರಲು. ಮೇಲೆ ಪ್ಲಾಸ್ಟಿಕ್ ಚೀಲ ಬೇರೆ!

‘ಸಹಿಸಿಕೊಂಡು ನೋಡುವಷ್ಟೂ ಚೆನ್ನಾಗಿಲ್ಲವೇ ನಾನು?’

ಓರಿನ್ ಬಂದ. ಅವಳ ಕೈಯಲ್ಲಿದ್ದ ಡಬ್ಬಿ ತೆರೆದು ತನ್ನ ಬಿರುಕು ಮುಖ ನೋಡಿದ.

“ರೇಡಿಯೇಟರ್ ಮೇಲೆ ಇಟ್ರಾ?”

“ಬೇಗ ಒಣಗ್ಲಿ ಅಂತ.”

“ಓ… ಬೇಗ ಮುಗೀಲಿ ಅಂತಿತ್ತು ನಿಮಗೆ.”

“ನೀವೇನು ಕಮ್ಮಿ? ನನ್ನ ಮುಖ ನೋಡಕ್ಕಾಗ್ದೆ ಮಗುಚಿಟ್ಟು, ಚೀಲ ಮುಚ್ಚಿದೀರಲ್ಲ!”

ಓರಿನ್ ಕಣ್ಣು ಕಣ್ಣು ಬಿಟ್ಟ. “ಅದು… ಒಳಗಡೆ ಇನ್ನೂ ಹಸಿ ಇತ್ತು. ಮಗುಚದಿದ್ರೆ ಒಂದೇ ಕಡೆ ಒಣಗಿ ಸೊಟ್ಟಗಾಗುತ್ತೆ. ಮೂಗು ಅಷ್ಟು ಚೆನ್ನಾಗಿ ಬಂದಿತ್ತು, ಬಿರುಕು ಬಿಟ್ರೆ ಅಂತ ಚೀಲ ಮುಚ್ಚಿದೆ.”

“ಎಷ್ಟು ಚೆನ್ನಾಗಿ?”

“ದಿನಾ ಕೆಲಸ ಮುಗಿಸಿ ಬರ್ತಿದ್ದ ಕಣೇ, ಅದನ್ನ ಮಗುಚೋಕೆ!” ಆಚೆಯಿಂದ ಲೂಯೆಲ್ಲಾ ಕೂಗಿದರು. “ಬಾಗಿಲು ತೆಗೆದು ತೆಗೆದು ನಂಗೆ ಸಾಕಾಯ್ತು!”

ಓರಿನ್‌ನ ಕಿವಿ ಕೆಂಪಾಯಿತು. ಅವನು ಬಟ್ಟಲಲ್ಲಿ ಅದೇ ಮಣ್ಣನ್ನು ನೀರಲ್ಲಿ ಕದಡಿ ಗಂಜಿ ಮಾಡಿದ. ಬಿರುಕಿಗೆ ತುಂಬಲು ಬ್ರಿಟಾಳ ಬೆರಳೂ ಇಳಿಯಿತು. ಹಣೆ, ಮೂಗು, ತುಟಿ… ಇಬ್ಬರೂ ಅವಸರ ಮಾಡಲಿಲ್ಲ.

“ಗುರುತು ಉಳಿಯುತ್ತಾ?”

“ಸ್ವಲ್ಪ. ಇರ್ಲಿ ಬಿಡಿ. ಯಾರು ಮಾಡಿದ್ದು ಅಂತ ನೆನಪಿರುತ್ತೆ.”

ಎಲ್ಲರೂ ಕೋಟು ಹಾಕಿಕೊಂಡು ಹೊರಟರು. ತಟ್ಟೆಯಲ್ಲಿ ಒಂದು ಬಾರ್ ಉಳಿದಿತ್ತು, ಕೊನೆಯದು. ಓರಿನ್ ಚಾಕು ಎತ್ತಿದ, ಅರ್ಧ ಮಾಡಲು.

ಬ್ರಿಟಾ ಇಡೀ ತುಂಡನ್ನು ಕೈಗೆತ್ತಿಕೊಂಡಳು. ಲುಂಡೀನ್ ವಂಶದಲ್ಲೇ ಯಾರೂ ಹೀಗೆ ಮಾಡಿದ್ದಿಲ್ಲ!

“ನಂಗೆ ಬೇಕು,” ಎಂದಳು. “ಸುಮ್ಮನೆ ಬೇಡ ಅಂದು ಅಂದು ಸಾಕಾಗಿದೆ. ನಾಳೆ ನನ್ನ ಜೊತೆ ಕಾಫಿಗೆ ಬರ್ತೀಯಾ ಓರಿನ್?”

ಅವನು ಚಾಕು ಕೆಳಗಿಟ್ಟ.

“ಬರ್ತೀನಿ.” ಜೊತೆಗೇ ಕೇಳಿದ. “ನಾಡಿದ್ದೂ ಕರೀತೀಯಾ?”

“ಮೊದಲು ಇದನ್ನ ಹಿಡ್ಕೋ,” ಎಂದು ಬ್ರಿಟಾ ಬಾರ್ ಮುರಿದು ದೊಡ್ಡ ತುಂಡನ್ನು ಅವನಿಗೆ ಕೊಟ್ಟಳು.