ಎರಡನೆಯ ಮೂಲ

‘ಏಕಮೂಲ. ದೃಢಪಟ್ಟಿಲ್ಲ.’

ಈ ಮೊಹರು ಕಂಡರೆ ಸ್ವಾಮಿಗೆ ಮೈಯೆಲ್ಲ ಉರಿಯುತ್ತಿತ್ತು. ಮದ್ದೂರಿನ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು, ಚೀನಾದ ಸಣ್ಣಪುಟ್ಟ ಜಿಲ್ಲಾ ಪತ್ರಿಕೆಗಳನ್ನು ಓದಿ, ದೆಹಲಿಯ ಒಂದು ಗುಪ್ತಚರ ಇಲಾಖೆಗೆ ಹನ್ನೊಂದು ವರ್ಷದಿಂದ ವರದಿ ಬರೆಯುತ್ತಿದ್ದವನು ಅವನು. ಗುತ್ತಿಗೆ ಕೆಲಸ. ಗಡಿಯಾಚೆಯ ಹಿಮದ ಕಣಿವೆಯಲ್ಲಿ ದೊಡ್ಡ ಅಣೆಕಟ್ಟೆ ಏಳುತ್ತಿದೆ ಎಂದು ಮೂರು ವರ್ಷದ ಹಿಂದೆ ಮೊದಲು ಕಂಡುಹಿಡಿದವನೂ ಅವನೇ. ಅದೂ ಎಂಥದ್ದರಿಂದ! ‘ಕಾರ್ಮಿಕರಿಗೆ ಅಡುಗೆಯವರು ಬೇಕು, ಇಲ್ಲಿ ಏನೂ ಬೆಳೆಯುವುದಿಲ್ಲ, ಸೊಪ್ಪು ಅಕ್ಕಿ ಎಲ್ಲ ಹೊರಗಿನಿಂದ ಬರಬೇಕು’ ಎಂಬ ನಾಲ್ಕು ಸಾಲಿನ ಜಾಹೀರಾತಿನಿಂದ. ಏನು ಬಂತು ಭಾಗ್ಯ? ಎಲ್ಲ ಇಲಾಖೆಗಳ ಸಂಶೋಧನೆಯನ್ನು ಒಂದಕ್ಕೊಂದು ತಾಳೆ ನೋಡುವ ಸಮನ್ವಯ ಕಚೇರಿ ಅದಕ್ಕೆ ಮೊಹರು ಒತ್ತಿ ಬದಿಗಿಟ್ಟಿತು. ಏಳು ತಿಂಗಳ ಮೇಲೆ ಬೇರೆ ಇಲಾಖೆಯ ರಂಜಿತ ಎಂಬಾಕೆ ಅದನ್ನೇ ಬರೆದಳು. ಆಗ ಇವನ ವರದಿಯನ್ನು ಹುಡುಕಿ ತೆಗೆದು ಆಕೆಯದಕ್ಕೆ ಪುರಾವೆಯಾಗಿ ಲಗತ್ತಿಸಿದರು. ಆಕೆಗೆ ಕಾಯಂ ಹುದ್ದೆ, ಇವನಿಗೆ ಇನ್ನೊಂದು ವರ್ಷದ ಗುತ್ತಿಗೆ. ಥೂ, ಇವರ ಮನೆ ಹಾಳಾಗ!

ಬರುವ ಜೂನಿಗೆ ಸ್ವಾಮಿಗೆ ನಲವತ್ತೈದು ತುಂಬುತ್ತಿತ್ತು. ಅಷ್ಟರೊಳಗೆ ಕಾಯಂ ಆಗದಿದ್ದರೆ ಈ ಜನ್ಮದಲ್ಲಿ ಇಲ್ಲ. ಕಚೇರಿಯ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಎರಡು ಇಲಾಖೆಗಳು ಒಂದಕ್ಕೊಂದು ಅರಿಯದೆ ಒಂದೇ ಮಾತು ಹೇಳಿದರೆ ಅದು ಸತ್ಯ, ಒಂದೇ ಇಲಾಖೆ ಹೇಳಿದರೆ ಗಾಳಿಮಾತು. ಸರಿ ಹಾಗಾದರೆ, ಎರಡನೆಯ ಮೂಲವೂ ತಾನೇ ಆದರಾಯಿತು.

ಅದಕ್ಕೆ ದಾರಿ ತೋರಿಸಿದವನು ಹಳೆಯ ಗೆಳೆಯ, ಮಳವಳ್ಳಿಯ ತಮೀಮ್. ಮೊಬೈಲ್ ಬಿಡಿಭಾಗದ ವ್ಯಾಪಾರಕ್ಕೆಂದು ಚೀನಾಕ್ಕೆ ಓಡಾಡಿ ಮಾತು ಕಲಿತವನು. ಇನ್ನೊಂದು ಇಲಾಖೆ ಅವನನ್ನು ಗುಟ್ಟಾಗಿ ವರದಿ ಬರೆಯಲು ಇಟ್ಟುಕೊಂಡಿತ್ತು.

“ಸ್ವಾಮಣ್ಣ, ಮಾತಾಡು ಅಂದ್ರೆ ಚೀನಾದೋರ ಬಾಯೇ ಮುಚ್ಚಿಸ್ತೀನಿ. ಆ ಅಕ್ಷರ ಓದಿ ವರದಿ ಬರಿಯೋದು ನನ್ ಕೈಲಾಗಲ್ಲ ಮಾರಾಯ. ನೀನೇ ಬರ್ಕೊಡು, ನಾನು ಸೈನ್ ಮಾಡ್ತೀನಿ,” ಎಂದಿದ್ದ.

ಯಾರು ಯಾರಿಗೆ ಬರೆಯುತ್ತಾರೆಂದು ಇಲಾಖೆಗಳು ಒಂದಕ್ಕೊಂದು ಹೇಳುವಂತಿರಲಿಲ್ಲ. ಗುಟ್ಟು ಕಾಯಲೆಂದು ಅವರೇ ಕಟ್ಟಿದ ಗೋಡೆ ಈಗ ಸ್ವಾಮಿಯನ್ನೇ ಕಾಯುತ್ತಿತ್ತು.

ದೆಹಲಿಗೆ ಬೇಕಿದ್ದದ್ದು ಈಗ ಕಟ್ಟಿ ಮುಗಿದು ನೀರು ನಿಂತಿದ್ದ ಆ ಅಣೆಕಟ್ಟೆಯ ನಿತ್ಯದ ನೀರಿನ ಮಟ್ಟ. ಇಕ್ಕಟ್ಟಾದ ಕಣಿವೆ, ಸದಾ ಮಂಜು. ಉಪಗ್ರಹದ ಚಿತ್ರದಲ್ಲಿ ಏನೂ ಕಾಣುತ್ತಿರಲಿಲ್ಲ. ತನ್ನ ವರದಿಗೆ ಮೂಲವೆಂದು ಸ್ವಾಮಿ ಅಲ್ಲಿನ ನೌಕರರ ಆನ್‌ಲೈನ್ ಹರಟೆ ಗುಂಪೊಂದನ್ನು ಕಲ್ಪಿಸಿಕೊಂಡ. ತಮೀಮನಿಗೆ ಕಟ್ಟೆಗೆ ಸಾಮಾನು ಸಾಗಿಸುವ ವ್ಯಾಪಾರಿ ಗೆಳೆಯನೊಬ್ಬನನ್ನು ಹುಟ್ಟಿಸಿಕೊಟ್ಟ. ಇನ್ನು ಅಂಕಿ. ಸುಳ್ಳು ಅಂಕಿ ಬರೆಯುವ ದಡ್ಡರು ಸ್ವಂತ ತಲೆಯಿಂದ ಬರೆದು ಸಿಕ್ಕಿಬೀಳುತ್ತಾರೆ. ನಿಜವಾದ ನೀರು ಏರಿಳಿಯುವ ಹಾಗೆ ಮನುಷ್ಯನ ಕೈ ಏರಿಳಿಸಲಾರದು. ಹಾಗಾಗಿ ಸ್ವಾಮಿ ನಿಜವಾದ ನೀರನ್ನೇ ಹಿಡಿದ.

ಕೆಳಗೆ ವಾಸವಿದ್ದ ಮನೆ ಮಾಲೀಕ, ಮುದಿ ರೈತ ಬೋರಯ್ಯ ಪೇಪರು ತರಿಸುತ್ತಿದ್ದುದೇ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡಲು. ಅವನಿಂದ ಕಳೆದ ವರ್ಷದ ಪೇಪರುಗಳ ಕಟ್ಟನ್ನು ಸ್ವಾಮಿ ಇಸಕೊಂಡು ಬಂದ. ಮೂಲೆಯಲ್ಲಿದ್ದ ಆ ಪುಟ್ಟ ಅಂಕಿಯನ್ನು ಅಡಿಯಿಂದ ಮೀಟರಿಗೆ ತಿರುಗಿಸಿ, ಹಿಮಾಲಯದ ಎತ್ತರ ಕೂಡಿಸಿದ. ತಮೀಮನ ವರದಿಯಲ್ಲಿ ಒಂದೆರಡು ಅಂಗುಲ ಆಚೀಚೆ ಮಾಡಿ, ನಡುವೆ ಕೆಲವು ದಿನ ಬಿಟ್ಟ. ತನ್ನ ವರದಿಯನ್ನು ಮಾತ್ರ ಜನವರಿಯಿಂದ ಏಪ್ರಿಲಿನವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ನಾಲೆ ಬದಿಯ ಹೊಳಲು ಗ್ರಾಮದಲ್ಲಿ ಹುಟ್ಟಿದ್ದರೂ ಗದ್ದೆಗೆ ಕಾಲಿಡದೆ ಓದಿ ಮೇಲೆ ಬಂದವನು ತಾನು, ಆ ಓದು ಈಗಲಾದರೂ ಉಪಯೋಗಕ್ಕೆ ಬಂತು ಎಂದು ಒಳಗೊಳಗೇ ನಕ್ಕ.

ಮೇ ಮೊದಲ ವಾರ ಮೊಹರು ಬದಲಾಯಿತು. ‘ದ್ವಿಮೂಲ. ದೃಢಪಟ್ಟಿದೆ.’ ಬೆನ್ನಿಗೇ ಸಮನ್ವಯ ಕಚೇರಿಯ ವೀಣ ಬೆಂಗಳೂರಿನಿಂದ ಖುದ್ದಾಗಿ ಬಂದರು. ಮೈಸೂರು ಪೇಟೆಯಲ್ಲಿ ಬೆಳೆದ, ಮಾತು ತೂಗಿ ಆಡುವ ಹೆಂಗಸು. ಮೇಜಿನ ಮೇಲೆ ಕಾಯಂ ನೇಮಕದ ಲಕೋಟೆ ಇಟ್ಟರು. ಸ್ವಾಮಿಗೆ ಕಣ್ಣು ತುಂಬಿ ಬಂತು.

“ಎರಡು ಇಲಾಖೆ ಇಷ್ಟು ಚೆನ್ನಾಗಿ ತಾಳೆಯಾಗಿದ್ದು ನನ್ನ ಸರ್ವಿಸ್‌ನಲ್ಲೇ ಮೊದಲು,” ಎಂದರು ವೀಣ. “ಒಂದು ಮಾತ್ರ ಅರ್ಥ ಆಗ್ತಿಲ್ಲ ಸ್ವಾಮಿಯವರೇ. ನೀರು ಹದಿನೈದು ದಿನ ಇಳಿಯುತ್ತೆ, ಹದಿನೈದು ದಿನ ನಿಲ್ಲುತ್ತೆ. ಬರೀ ಕರೆಂಟಿಗೆ ಕಟ್ಟಿದ ಕಟ್ಟೆ ಅದು. ಗುಟ್ಟಾಗಿ ಸುರಂಗ ಕೊರೆದು ನೀರು ತಿರುಗಿಸ್ತಿದಾರೆ ಅಂತ ದೆಹಲಿಯೋರು ಕುಣೀತಿದಾರೆ.”

“ಇರಬಹುದು ಮೇಡಂ, ಅವರನ್ನ ನಂಬೋಕಾಗಲ್ಲ,” ಎಂದ ಸ್ವಾಮಿ ಲಕೋಟೆಯತ್ತ ಕೈ ಚಾಚುತ್ತ.

ಆಗಲೇ ಬೋರಯ್ಯ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

“ಲೋ ಸಾಮಿ, ಓದ್ವರ್ಸದ ಪೇಪರ್ ಕಟ್ಟು ಕೊಡ್ಲಾ, ಇವತ್ತು ನಾಲೆ ನಿಲ್ಸವ್ರೆ. ಓದ್ವರ್ಸಾನೂ ಇಂಗೇ ಅಲ್ವಾ, ಬೆಳೆಗೆ ಅಂತ ಅದಿನೈದ್ ದಿನ ಬುಡೋದು, ಅದಿನೈದ್ ದಿನ ನಿಲ್ಸೋದು? ಬುಟ್ಟಾಗ ಕಟ್ಟೆ ಇಳಿಯೋದು, ನಿಲ್ಸುದ್ರೆ ನಿಂತ್ಕಳೋದು. ಈ ಸಲ ಏಟು ಕಮ್ಮಿ ಅದೆ ಅಂತ ತಾಳೆ ನೋಡ್ಬೇಕು ಕಣ್ಲಾ.”

ವೀಣ ಬೋರಯ್ಯನನ್ನು ನೋಡಿದರು, ಅವನು ಮೇಜಿನಡಿಯಿಂದ ಎಳೆಯುತ್ತಿದ್ದ ಪೇಪರಿನ ಕಟ್ಟನ್ನು ನೋಡಿದರು. ಆಮೇಲೆ ಲಕೋಟೆಯನ್ನು ಮೆಲ್ಲಗೆ ತಮ್ಮ ಬ್ಯಾಗಿಗೆ ಹಾಕಿಕೊಂಡು, “ಅಜ್ಜ, ಆ ಕಟ್ಟು ಇಲ್ಲಿ ಕೊಡಿ,” ಎಂದರು. ಸ್ವಾಮಿಗೆ ಆಗ ಹೊಳೆಯಿತು. ನಾಲೆಯ ನೀರು ಹದಿನೈದು ದಿನ ಬರುವುದು, ಹದಿನೈದು ದಿನ ನಿಲ್ಲುವುದು. ಹುಟ್ಟಿದಾಗಿನಿಂದ ಕೇಳಿ ಕೇಳಿ, ನೀರಿನ ಗುಣವೇ ಹಾಗೆ ಎಂದುಕೊಂಡಿದ್ದನಲ್ಲ ತಾನು! ಇಲ್ಲಿಯದು ಭತ್ತಕ್ಕೆ, ಕಬ್ಬಿಗೆ ಬಿಡುವ ನೀರು, ಅದಕ್ಕೇ ಆ ಸರದಿ. ಅಲ್ಲಿ ಏನೂ ಬೆಳೆಯುವುದಿಲ್ಲ ಎಂದು ಮೂರು ವರ್ಷದ ಹಿಂದೆ ಮೊಟ್ಟಮೊದಲು ಬರೆದವನು ಅವನೇ, ಮತ್ತು ರಂಜಿತಳ ದಯೆಯಿಂದ ಆ ವರದಿ ಆಗಲೇ ದೃಢಪಟ್ಟಿತ್ತು.