ಮೇಲಿನಂತೆ

"ನನ್ನ ಮದುವೆ ನಿಲ್ಲಿಸ್ಬೇಕು. ಒಂದು ಅರ್ಜಿ ಟೈಪ್ ಮಾಡಿಕೊಡಿ... ಬೇಗ!"

ನ್ಯಾಯಾಲಯದ ಎದುರಿನ ಗೂಡಿನಂಥ ಅಂಗಡಿಯಲ್ಲಿ ಕೂತಿದ್ದವನು ತಲೆಯೆತ್ತಿದ. ಹತ್ತು ವರ್ಷದಿಂದ ಅಲ್ಲೇ ಕೂತು ಊರಿನ ಜಗಳಗಳನ್ನೆಲ್ಲ ಟೈಪ್ ಮಾಡಿದವನು. ಬೆರಳಿನ ವೇಗ ನೋಡಿ ವಕೀಲರೆಲ್ಲ ಅವನನ್ನು 'ಟಕಟಕ' ಎಂದೇ ಕರೆಯುತ್ತಿದ್ದರು. ಈ ಮಾತಿಗೆ ಆ ಬೆರಳೇ ನಿಂತುಹೋಯಿತು.

"ಯಾರ ಮದುವೆ?"

"ನಂದೇ! ಎಷ್ಟು ಸಲ ಹೇಳ್ಬೇಕು?"

ಹೇಳಿದ್ದು ಒಂದೇ ಸಲ, ಪಾಪ. ಆದರೆ ಮನೆಯಲ್ಲಿ ಇಪ್ಪತ್ತು ದಿನದಿಂದ ಇದನ್ನೇ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

"ಕೂತ್ಕೊಳ್ಳಿ ಮೇಡಂ. ನೀರು ಕುಡೀರಿ."

"ಟೈಮಿಲ್ಲ. ಪಕ್ಕದ ಬೀದಿ ಕನ್ನಡಕದ ಅಂಗಡೀಲಿ ಕೆಲಸ ನಂದು. ಊಟದ ಬಿಡುವು ಅರ್ಧ ಗಂಟೆ. ಅದು ಮುಗಿಯೋ ಹೊತ್ತಿಗೆ ಅಣ್ಣ ಬಂದು ನಾನಿದೀನಾ ಅಂತ ನೋಡಿ ಹೋಗ್ತಾನೆ."

ಅವಳು ನಿಂತೇ ಹೇಳಿದಳು, ಅವನು ಟೈಪ್ ಮಾಡುತ್ತಾ ಹೋದ.

ಅಣ್ಣ ಕೆಲಸಕ್ಕಿದ್ದದ್ದು ಲಾರಿ ಆಫೀಸಿನಲ್ಲಿ. ಮಾಲೀಕನ ತಂಗಿಯನ್ನು ಪ್ರೀತಿಸಿದ. ಮಾಲೀಕನಿಗೆ ನಲವತ್ತಾರು, ಹೆಂಡತಿ ತೀರಿಹೋಗಿದ್ದಳು. 'ನನ್ನ ತಂಗಿ ನಿನಗೆ ಬೇಕಾದ್ರೆ ನಿನ್ನ ತಂಗಿಯನ್ನ ನನಗೆ ಕೊಡು' ಎಂದುಬಿಟ್ಟ. ಅಣ್ಣ ತಲೆಯಾಡಿಸಿ ಬಂದ. ಕೇಳಬೇಕಾದವಳನ್ನು ಯಾರೂ ಕೇಳಲಿಲ್ಲ.

ಕಥೆ ಕೇಳಿದವರೆಲ್ಲ ಇಲ್ಲಿಯವರೆಗೆ ಅವಳಿಗೆ ಬುದ್ಧಿ ಹೇಳಿದ್ದರು. ಇವನು ಹೇಳಲಿಲ್ಲ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

"ಒಂದು ಮಾತು... ಪತ್ರ ಮಾತ್ರ ಮನೆಗೆ ಬರ್ಬಾರ್ದು. ನಮ್ಮ ಅಂಗಡಿಗೆ ಬರ್ಲಿ. ಮನೆಗೆ ಬಂದ್ರೆ ನನ್ನ ಕಥೆ ಮುಗೀತು."

"ಬರಲ್ಲ ಮೇಡಂ. ಹೆಣ್ಣುಮಕ್ಕಳ ದೂರು ನೋಡೋ ರಕ್ಷಣಾಧಿಕಾರಿ ಆಫೀಸು ಎದುರಿಗೇ ಇದೆ. ನಾನೇ ಕೊಟ್ಟು ಬರ್ತೀನಿ. ನೀವು ಓಡಿ."

ಅವನು ಬೆರಳಿಟ್ಟ ಜಾಗದಲ್ಲಿ ಅವಳು ಓದದೆ ಸಹಿ ಹಾಕಿದಳು. ಓಡುವ ಮೊದಲು ತಿರುಗಿ ನೋಡಿದಳು.

"ನಿಮ್ಮ ಕನ್ನಡಕದ ಎಡಗಾಲು ಸಡಿಲ ಆಗಿದೆ. ಅಂಗಡಿಗೆ ಬನ್ನಿ, ಸ್ಕ್ರೂ ಬಿಗಿ ಮಾಡ್ತೀನಿ."

ಜೀವ ಹೋಗುವ ಹೊತ್ತಲ್ಲೂ ಇನ್ನೊಬ್ಬರ ಸ್ಕ್ರೂ ಚಿಂತೆ! ಅವಳು ಹೋದ ಮೇಲೂ ಅವನು ರಸ್ತೆಯನ್ನೇ ನೋಡುತ್ತಿದ್ದ.

ಮರುದಿನ ಹೋದ ಕೂಡ. ಬೆರಳುದ್ದದ ಸ್ಕ್ರೂಡ್ರೈವರಿನಿಂದ ಅವಳು ಬಿಗಿ ಮಾಡಿ, ತಾನೇ ಅವನ ಕಿವಿಯ ಮೇಲೆ ಕೂರಿಸಿದಳು.

"ಸರಿಯಾಗಿ ಕಾಣ್ತಿದ್ಯಾ?"

"ಈಗ ಕಾಣ್ತಿದೆ."

ಇಪ್ಪತ್ತು ದಿನಗಳಲ್ಲಿ ಮೊದಲ ಸಲ ಅವಳು ನಕ್ಕಳು. 'ಇವರೊಬ್ಬರು ಇದಾರೆ ನನಗೆ...' ಎಂದುಕೊಂಡಳು.

ಆ ನಗು ಮೂರೇ ದಿನ ಉಳಿಯಿತು.

ಬುಧವಾರ ಮುಂಜಾನೆ ಅಣ್ಣ ಒಡೆದ ಲಕೋಟೆಯೊಂದನ್ನು ಅವಳ ಮುಖದ ಮೇಲೆ ಎಸೆದ. "ನನ್ನ ಮೇಲೆ ಕೋರ್ಟಿಗೆ ಹೋಗ್ತೀಯಾ? ನೋಡು, ನೀನು ನಂಬಿದ ಆ ಟೈಪಿಸ್ಟ್ ಮಹಾಶಯ ನಮ್ಮನೆ ವಿಳಾಸಾನೇ ಕೊಟ್ಟಿದಾನೆ!"

ವಿಚಾರಣೆಗೆ ಬನ್ನಿ ಎಂದು ರಕ್ಷಣಾಧಿಕಾರಿ ಬರೆದ ಪತ್ರ ಅದು. ಮೇಲೆ ಮನೆಯ ವಿಳಾಸ, ಜೊತೆಗೆ ಟೈಪಿಸ್ಟನ ಮೊಹರಿದ್ದ ಅರ್ಜಿಯ ಪ್ರತಿ.

ಅವಳು ಆ ವಿಳಾಸವನ್ನು ಮತ್ತೆ ಮತ್ತೆ ಓದಿದಳು. 'ಅಷ್ಟು ಹೇಳಿದ್ದೆನಲ್ಲ... ಬೇಕೆಂದೇ ಮಾಡಿದರಾ? ಅಣ್ಣ ಮೊದಲೇ ಅವರನ್ನು ಕಂಡಿದ್ದನಾ?'

ಮೊಬೈಲು ಹೋಯಿತು. ಮಹಡಿಯ ಕೋಣೆಗೆ ಹೊರಗಿನಿಂದ ಬೀಗ ಬಿತ್ತು. ಮುಂದಿನ ತಿಂಗಳಿದ್ದ ಮದುವೆ ಶುಕ್ರವಾರ ಬೆಳಿಗ್ಗೆಗೆ ಬಂತು.

ಜೇಬಿನಲ್ಲಿ ಉಳಿದಿದ್ದ ಅದೇ ಪುಟ್ಟ ಸ್ಕ್ರೂಡ್ರೈವರಿನಿಂದ ಅವಳು ಬಾಗಿಲಿನ ಕೀಲು ಬಿಚ್ಚಲು ಕೂತಳು. ತುಕ್ಕು ಹಿಡಿದ ಸ್ಕ್ರೂ ಅಲುಗಲಿಲ್ಲ. ಅಂಗೈ ಬೊಬ್ಬೆಯೆದ್ದಿತು. ಮಧ್ಯಾಹ್ನದ ಹೊತ್ತಿಗೆ ಟಕ್ಕೆಂದು ಸ್ಕ್ರೂಡ್ರೈವರಿನ ತುದಿಯೇ ಮುರಿಯಿತು. ಅದನ್ನು ಹಿಡಿದುಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮ ತಟ್ಟೆ ತಂದು ಕಿಟಕಿಯಲ್ಲಿಟ್ಟಳು. "ಪುಟ್ಟೀ... ಎರಡು ತುತ್ತು ತಿನ್ನೇ."

"ಬಾಗಿಲು ತೆಗಿಯಮ್ಮ."

"ನನ್ನ ಕೈಲಿ ಏನಿದೆ ಮಗಳೇ?"

"ಬೀಗದ ಕೈ ಇದೆಯಲ್ಲಮ್ಮ!"

ಅಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಮೆಟ್ಟಿಲಿಳಿದು ಹೋದಳು.

ಇತ್ತ, ಬುಧವಾರವಿಡೀ ಅವಳು ಕಾಣದೆ ಟಕಟಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುರುವಾರ ಕನ್ನಡಕದ ಅಂಗಡಿಗೆ ಹೋದರೆ ಮಾಲೀಕರು, "ಹುಷಾರಿಲ್ವಂತೆ, ನಿನ್ನೆ ಅವಳಣ್ಣ ಬಂದು ಹೇಳಿದ. ಇನ್ಮೇಲೆ ಕೆಲಸಕ್ಕೂ ಬರಲ್ವಂತೆ" ಎಂದರು.

ಓಡಿ ಬಂದು ಅವಳ ಅರ್ಜಿಯ ಪ್ರತಿ ತೆಗೆದ. ನಮೂನೆಯಲ್ಲಿ ಎರಡು ಕಾಲಂ. ಒಂದು, ವಾಸದ ವಿಳಾಸ. ಅದರ ಕೆಳಗೆ, ಪತ್ರ ಕಳಿಸಬೇಕಾದ ವಿಳಾಸ. ಎರಡನೆಯದರಲ್ಲಿ ಅವನದೇ ಬೆರಳು ಹೊಡೆದ ಒಂದೇ ಪದ ಕೂತಿತ್ತು.

'ಮೇಲಿನಂತೆ.'

ಹತ್ತು ವರ್ಷ, ಸಾವಿರಾರು ಅರ್ಜಿ. ಎಲ್ಲರಿಗೂ ಎರಡೂ ವಿಳಾಸ ಒಂದೇ. ಅವನ ಬೆರಳು ಆ ಕಾಲಂ ಬಂದರೆ ತಲೆಯನ್ನು ಕೇಳುವುದನ್ನೇ ಬಿಟ್ಟಿತ್ತು. ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು, ಬಾಯಿ 'ಬರಲ್ಲ' ಎಂದಿತ್ತು, ಬೆರಳು ಮಾತ್ರ ಹಳೇ ದಾರಿ ಹಿಡಿದಿತ್ತು. ಅಯ್ಯೋ... ನಾನೇ ಅವಳನ್ನು ಕೈಯಾರೆ ಹಿಡಿದುಕೊಟ್ಟೆನಲ್ಲ!

ರಸ್ತೆ ದಾಟಿ ರಕ್ಷಣಾಧಿಕಾರಿಯ ಮುಂದೆ ನಿಂತ. ನರೆಗೂದಲಿನ ಗಟ್ಟಿ ಹೆಂಗಸು ಆಕೆ.

"ತಪ್ಪು ನಂದು ಮೇಡಂ. ಅವರನ್ನ ಕೂಡಿಹಾಕಿದಾರೆ ಅನಿಸ್ತಿದೆ."

"ಅನಿಸಿದ್ರೆ ಸಾಲದಪ್ಪ. ನಡೆದಿದ್ದನ್ನ ಪ್ರಮಾಣ ಮಾಡಿ ಬರೆದುಕೊಡಿ. ಇವತ್ತೇ ನ್ಯಾಯಾಧೀಶರ ಮುಂದೆ ಇಡ್ತೀನಿ. ಆದ್ರೆ ಒಂದು ತಿಳ್ಕೊಳ್ಳಿ, ಇದರಿಂದ ನಿಮ್ಮ ಲೈಸೆನ್ಸ್ ಹೋಗ್ಬಹುದು."

"ಹೋಗ್ಲಿ."

ಟಕಟಕ ಅವತ್ತು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ. ಪ್ರತಿ ಪದವನ್ನೂ ಎರಡೆರಡು ಸಲ ಓದಿ ನೋಡಿದ. ಸಂಜೆ ಐದಕ್ಕೆ ಮುಂಚೆ ಆದೇಶ ಹೊರಬಿತ್ತು.

ಶುಕ್ರವಾರ ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ ಅವಳು ಮದುವೆಯ ಬಟ್ಟೆಯಲ್ಲಿ ಕೂತಿದ್ದಳು. ಕಣ್ಣೀರು ಕೂಡ ಮುಗಿದಿತ್ತು. ಕೆಳಗೆ ಗದ್ದಲ ಕೇಳಿಸಿತು. ಬಾಗಿಲು ತೆರೆಯಿತು! ಒಳಗೆ ಬಂದದ್ದು ನರೆಗೂದಲಿನ ಅಧಿಕಾರಿ, ಹಿಂದೆ ಇಬ್ಬರು ಮಹಿಳಾ ಪೊಲೀಸರು.

"ಎಲ್ಲರೂ ಹೊರಗಿರಿ. ಅಣ್ಣನೂ ಅಷ್ಟೇ," ಎಂದು ಆಕೆ ಬಾಗಿಲು ಮುಚ್ಚಿ ಅವಳ ಪಕ್ಕ ಕೂತರು. "ಈ ಮದುವೆ ನಿನಗೆ ಇಷ್ಟ ಇದ್ಯಾ ಮಗಳೇ? ಹೆದರ್ಬೇಡ. ನೀನು ಹೇಳಿದ್ದನ್ನೇ ಬರ್ಕೊಳ್ತೀನಿ."

"ಇಲ್ಲ... ಇಷ್ಟ ಇಲ್ಲ. ಇಲ್ಲ!"

ಅಧಿಕಾರಿ ಅದನ್ನು ಕಾಗದದ ಮೇಲೆ ಬರೆದರು. ಅವಳ 'ಇಲ್ಲ'ವನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಹೊರಗೆ ಅವರು ಆದೇಶ ಓದಿದರು. ಈ ಮದುವೆ ನಡೆಯಕೂಡದು. ಅವಳನ್ನು ಯಾರೂ ಕೂಡಿಹಾಕಕೂಡದು, ಅವಳ ಮೊಬೈಲು, ಕಾಗದಪತ್ರ ಯಾರೂ ಇಟ್ಟುಕೊಳ್ಳಕೂಡದು. ಮೀರಿದರೆ ಜೈಲು. ಲಾರಿ ಮಾಲೀಕ ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

ಅಣ್ಣ ಬಾಗಿಲಿಗೆ ಅಡ್ಡ ನಿಂತ. "ನನ್ನ ಬಾಳು ಹಾಳು ಮಾಡಿ ಹೋಗ್ತಿದೀಯಾ? ಹೋದ್ರೆ ಈ ಮನೆ ಪಾಲಿಗೆ ನೀನು ಸತ್ತ ಹಾಗೆ!"

ಅಮ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ದಾರಿ ಬಿಡೋ. ನನ್ನ ಮಗಳು ಬದುಕ್ಲಿ."

ಗೇಟಿನ ಬಳಿ ಟಕಟಕ ನಿಂತಿದ್ದ. ಅವಳು ಅವನ ಮುಖ ನೋಡಲಿಲ್ಲ.

"ನಿಮ್ಮನ್ನ ನಂಬಿದ್ದೆ."

"ತಪ್ಪು ನಂದು," ಎಂದ.

ಮಹಿಳಾ ವಸತಿಗೃಹದಲ್ಲಿ ಒಂದು ತಿಂಗಳಾದ ಮೇಲೆ ಅಧಿಕಾರಿ ತೋರಿಸಿದ ಫೈಲಿನಲ್ಲಿ ಅವಳು ಆ ಹಾಳೆ ಓದಿದಳು. 'ಅವರು ಸ್ಪಷ್ಟವಾಗಿ ಹೇಳಿದ್ದರು. ಅಭ್ಯಾಸಬಲದಿಂದ ಮೇಲಿನಂತೆ ಎಂದು ಟೈಪ್ ಮಾಡಿದವನು ನಾನು. ಅವರಿಗೆ ಏನಾದರೂ ಆದರೆ ನಾನೇ ಹೊಣೆ.'

"ಲೈಸೆನ್ಸ್ ಆರು ತಿಂಗಳು ರದ್ದಾಗಿದೆ. ಜೆರಾಕ್ಸ್ ಅಂಗಡೀಲಿ ಕೆಲಸ ಮಾಡ್ತಿದಾನೆ," ಎಂದರು ಅಧಿಕಾರಿ.

ಅವಳು ಆ ಹಾಳೆಯನ್ನು ಮೂರು ಸಲ ಓದಿದಳು. ಆಮೇಲೆ ನೇರ ಜೆರಾಕ್ಸ್ ಅಂಗಡಿಗೆ ಹೋದಳು.

"ಕನ್ನಡಕ ಕೊಡಿ. ಮತ್ತೆ ಸಡಿಲ ಆಗಿದೆ."

ಮುಂದಿನ ಐದು ತಿಂಗಳಲ್ಲಿ ಆ ಕನ್ನಡಕ ಹನ್ನೊಂದು ಸಲ ಸಡಿಲವಾಯಿತು. ತಾನಾಗಿ ಆಗಿದ್ದೋ, ಯಾರಾದರೂ ತಿರುಪಿದ್ದೋ, ನಾನಂತೂ ಬಾಯಿ ಬಿಡುವುದಿಲ್ಲ! ಅವಳು ಮತ್ತೆ ಕೆಲಸಕ್ಕೆ ಸೇರಿದಳು, ಸ್ವಂತ ಬಾಡಿಗೆ ಕೋಣೆ ಹಿಡಿದಳು. ಅಮ್ಮ ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದಳು. ಅವನು ಮಾತ್ರ ಏನೂ ಕೇಳಲಿಲ್ಲ.

ಲೈಸೆನ್ಸ್ ಮರಳಿ ಬಂದ ದಿನ, ಊಟದ ಬಿಡುವಿನಲ್ಲಿ ಅವಳು ಆ ಗೂಡಂಗಡಿಗೆ ಬಂದಳು. ಈ ಸಲ ಕೂತಳು.

"ನೀವು ಯಾಕೆ ನನ್ನನ್ನ ಏನೂ ಕೇಳಲ್ಲ?"

ಅವನು ತಲೆ ತಗ್ಗಿಸಿದ. "ಪ್ರೀತಿ ಇಲ್ಲ ಅಂತಲ್ಲ... ತುಂಬಾ ಇದೆ. ಆದ್ರೆ ನಿಮಗೆ ಮದುವೆ ಅಂದ್ರೆ ಬೀಗ ಅಂತ ಆಗಿಹೋಗಿದೆ. ನಾನು ಕೇಳಿ ಅದು ಇನ್ನೊಂದು ಒತ್ತಾಯ ಆಗ್ಬಾರ್ದು ಅಂತ..."

"ಹಾಗಾದ್ರೆ ನಾನೇ ಕೇಳ್ತೀನಿ. ನನ್ನ ಮದುವೆ ಆಗ್ಬೇಕು. ಒಂದು ಅರ್ಜಿ ಟೈಪ್ ಮಾಡಿಕೊಡಿ."

"ಯಾರ... ಯಾರ ಜೊತೆ?"

"ಎಷ್ಟು ಸಲ ಹೇಳ್ಬೇಕು? ಕನ್ನಡಕ ಹಾಕ್ಕೊಂಡೂ ಕಾಣಲ್ವಾ?"

ಅವನ ಕಣ್ಣು ಒದ್ದೆಯಾಯಿತು. ನೋಂದಣಿಯ ನಮೂನೆ ತೆಗೆದು ಟೈಪ್ ಮಾಡತೊಡಗಿದ. ವಧುವಿನ ವಿಳಾಸಕ್ಕೆ ಅವಳ ಬಾಡಿಗೆ ಕೋಣೆಯ ಬಾಗಿಲ ಸಂಖ್ಯೆ ಬಿತ್ತು. ಆಮೇಲೆ ಅವನ ಬೆರಳು ನಿಂತಿತು.

"ಮದುವೆ ಆದ್ಮೇಲೆ ವರನ ವಿಳಾಸ... ಏನು ಹಾಕ್ಲಿ? ನೀವೇ ಹೇಳಿ. ನಾನಾಗಿ ಹೊಡೆಯಲ್ಲ."

ಅವಳು ಮುಂದೆ ಬಾಗಿ, ಅವನ ಮೂಗಿನ ಮೇಲೆ ಜಾರಿದ್ದ ಕನ್ನಡಕವನ್ನು ಸರಿ ಮಾಡಿದಳು.

"ಮೇಲಿನಂತೆ."

"ಓದಿ ನೋಡಿ ಸಹಿ ಹಾಕಿ," ಎಂದ ಅವನು, ಹಾಳೆಯನ್ನು ಅವಳ ಮುಂದೆ ಸರಿಸಿ.

"ಓದ್ತೀನಿ. ಒಂದಕ್ಷರ ಬಿಡಲ್ಲ. ಅಲ್ಲೀವರೆಗೂ ಸುಮ್ನೆ ನನ್ನ ಕೈ ಹಿಡ್ಕೊಂಡು ಕೂತಿರಿ."